ಸಿಇಟಿ ಗಣಿತಕ್ಕೆ ಯಾವ ದಾರಿ? ಇಂಟಿಗ್ರೇಟೆಡ್, ಟ್ಯೂಷನ್, ಕ್ರ್ಯಾಶ್ ಕೋರ್ಸ್, ಇಲ್ಲ ಮನೆಯ ಜಗಲಿ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ನನ್ನ ಫೋನಿಗೆ ಪುರುಸೊತ್ತಿಲ್ಲ. ಕಳೆದ ಮೇ ತಿಂಗಳಲ್ಲಿ ಬ್ರಹ್ಮಾವರದ ಒಬ್ಬರು ಫೋನ್ ಮಾಡಿದ್ದರು. "ಟೀಚರೇ, ಮಗ ಸೈನ್ಸ್ ತಗೊಳ್ತಾನಂತೆ. ಇಂಟಿಗ್ರೇಟೆಡ್‌ಗೆ, ಅಂದರೆ ಕಾಲೇಜಿನೊಳಗೇ ಕೋಚಿಂಗ್ ಇರುವ ಕಡೆಗೆ ಹಾಕುವುದಾ, ಇಲ್ಲೇ ಹತ್ತಿರದ ಕಾಲೇಜಿಗೆ ಹಾಕಿ ಟ್ಯೂಷನ್ ಕೊಡಿಸುವುದಾ? ಎಂತ ಮಾಡುವುದು ಅಂತಲೇ ಗೊತ್ತಾಗುವುದಿಲ್ಲ." ಅವರ ಕೈಯಲ್ಲಿ ಆಗಲೇ ಐದು ಕಾಲೇಜುಗಳ ಬಣ್ಣದ ಕರಪತ್ರ ಇತ್ತು. ಐದರಲ್ಲೂ ರ‍್ಯಾಂಕ್ ಬಂದ ಮಕ್ಕಳ ಫೋಟೋ. ಐದರಲ್ಲೂ ಅನುಭವಿ ಉಪನ್ಯಾಸಕರು. ಹೀಗಿದ್ದರೆ ಹೋಲಿಸುವುದಾದರೂ ಎಂತದ್ದನ್ನು?

ನಾನು ಹೇಳಿದ್ದು ಇಷ್ಟೇ: "ಅಕ್ಕ, ಫೋಟೋದ ಮಕ್ಕಳನ್ನು ಬಿಡಿ. ನಿಮ್ಮ ಮಗ ಒಂದು ಲೆಕ್ಕ ತಪ್ಪು ಮಾಡಿದರೆ ಆ ತಪ್ಪನ್ನು ಯಾರು ನೋಡ್ತಾರೆ, ಎಷ್ಟು ದಿನದೊಳಗೆ ನೋಡ್ತಾರೆ ಅಂತ ಐದು ಕಡೆಯೂ ಕೇಳಿಕೊಂಡು ಬನ್ನಿ."

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ಉಡುಪಿಯಲ್ಲಿ ಮನೆಯಲ್ಲೇ ಪಿಯು ಗಣಿತ ಹೇಳಿಕೊಡುವವಳು. ಟ್ಯೂಷನ್ ಬಗ್ಗೆ ಬರೆಯುವಾಗ ನನ್ನ ಅಂಗಡಿಯ ಮಾಲನ್ನು ನಾನೇ ಹೊಗಳಿದಂತೆ ಕಂಡರೆ ಸ್ವಲ್ಪ ಕಳೆದು ಓದಿ.

ಮೊದಲು ಪರೀಕ್ಷೆ ಯಾವುದು ಅಂತ ಇತ್ಯರ್ಥ ಆಗಲಿ

ದಾರಿ ಆಮೇಲೆ. ಊರು ಯಾವುದು ಅಂತ ಮೊದಲು ಗೊತ್ತಾಗಬೇಕು ಅಲ್ವಾ? ಸುರತ್ಕಲ್‌ನ ಎನ್‌ಐಟಿಕೆ, ಅಂದರೆ ಕೇಂದ್ರದ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ, ನಮ್ಮ ಕಣ್ಣೆದುರೇ ಇದೆ, ಮಂಗಳೂರಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸು ಅದರ ಗೇಟಿನ ಮುಂದೆಯೇ ಹೋಗುತ್ತದೆ. ಆದರೆ ಸಿಇಟಿಯಲ್ಲಿ, ಅಂದರೆ ನಮ್ಮ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯಲ್ಲಿ, ಎಷ್ಟು ದೊಡ್ಡ ರ‍್ಯಾಂಕ್ ಬಂದರೂ ಆ ಗೇಟು ತೆರೆಯುವುದಿಲ್ಲ. ಅಲ್ಲಿಗೆ ದೇಶಮಟ್ಟದ ಪ್ರವೇಶ ಪರೀಕ್ಷೆ ಜೆಇಇ ಮೇನ್ ಬೇಕು. ಅರ್ಧ ಸೀಟು ನಮ್ಮ ರಾಜ್ಯದವರಿಗೆ ಮೀಸಲು ಎನ್ನುವುದು ಒಂದು ಸಮಾಧಾನ. ವಾಮಂಜೂರು, ಅಡ್ಯಾರ್, ಬೆಂಜನಪದವು, ಬಂಟಕಲ್, ಉಜಿರೆ, ಪುತ್ತೂರು ಕಡೆಯ ಎಂಜಿನಿಯರಿಂಗ್ ಕಾಲೇಜುಗಳ ಸರ್ಕಾರಿ ಕೋಟಾ ಸೀಟು ಬೇಕಿದ್ದರೆ ಸಿಇಟಿ. ಖಾಸಗಿ ಕಾಲೇಜುಗಳ ಇನ್ನೊಂದು ಪಾಲಿನ ಸೀಟಿಗೆ ಆ ಕಾಲೇಜುಗಳ ಒಕ್ಕೂಟವೇ ನಡೆಸುವ ಕಾಮೆಡ್‌ಕೆ ಪರೀಕ್ಷೆ. ಮಣಿಪಾಲದ ಎಂಐಟಿಗೆ ಅವರದ್ದೇ ಆದ ಪ್ರವೇಶ ಪರೀಕ್ಷೆ ಇದೆ.

ಗಣಿತ ಒಂದೇ, ಆದರೆ ಪರೀಕ್ಷೆಗಳ ನಡಿಗೆ ಬೇರೆ. ಸಿಇಟಿಯಲ್ಲಿ 60 ಪ್ರಶ್ನೆ, 60 ಅಂಕ. ಒಟ್ಟು 80 ನಿಮಿಷ, ಅದರಲ್ಲಿ ಉತ್ತರ ಬರೆಯಲು 70. ಅಂದರೆ ಪ್ರಶ್ನೆಗೆ 70 ಸೆಕೆಂಡು. ತಪ್ಪಾದರೆ ಅಂಕ ಕಳೆಯುವುದಿಲ್ಲ. ಕಾಗದದ ಓಎಂಆರ್ ಹಾಳೆಯಲ್ಲಿ ಉತ್ತರದ ವೃತ್ತವನ್ನು ಪೆನ್ನಿನಿಂದ ತುಂಬಬೇಕು. ಕಾಮೆಡ್‌ಕೆಯಲ್ಲಿ ಮೂರೂ ವಿಷಯ ಸೇರಿ 180 ಪ್ರಶ್ನೆ, 3 ಗಂಟೆ, ಕಂಪ್ಯೂಟರ್ ಮುಂದೆ. ಅಲ್ಲೂ ನೆಗೆಟಿವ್ ಇಲ್ಲ. ಜೆಇಇ ಮೇನ್‌ನಲ್ಲಿ ಗಣಿತದ ಪ್ರಶ್ನೆ 25 ಮಾತ್ರ. ಸರಿಗೆ 4, ತಪ್ಪಿಗೆ 1 ಕಡಿತ. 20ಕ್ಕೆ ಆಯ್ಕೆಗಳಿರುತ್ತವೆ, ಉಳಿದ 5ಕ್ಕೆ ಉತ್ತರದ ಸಂಖ್ಯೆಯನ್ನೇ ಒತ್ತಬೇಕು.

ಈ ವ್ಯತ್ಯಾಸ ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಒಂದು ಲೆಕ್ಕ ನೋಡಿ. ಮ್ಯಾಟ್ರಿಕ್ಸ್ (ಅಡ್ಡ, ಉದ್ದ ಸಾಲುಗಳಲ್ಲಿ ಜೋಡಿಸಿದ ಸಂಖ್ಯೆಗಳು) ಮತ್ತು ಡಿಟರ್ಮಿನೆಂಟ್ (ಅವುಗಳಿಂದ ಲೆಕ್ಕ ಹಾಕಿ ತೆಗೆಯುವ ಒಂದು ಸಂಖ್ಯೆ) ಸೆಕೆಂಡ್ ಪಿಯು ಪುಸ್ತಕದ ಪಾಠ. ಬೋರ್ಡ್ ಪರೀಕ್ಷೆಯಲ್ಲಿ ಒಂದು ಮ್ಯಾಟ್ರಿಕ್ಸ್ ಕೊಟ್ಟು, ಅದನ್ನು ಅದರ ಅಡ್ಜಾಯಿಂಟ್‌ನಿಂದ (ಅದರಿಂದಲೇ ಕಟ್ಟುವ ಇನ್ನೊಂದು ಮ್ಯಾಟ್ರಿಕ್ಸ್) ಗುಣಿಸಿ ತಾಳೆ ನೋಡಿ ಅನ್ನುತ್ತಾರೆ. ಸಾಲು ಸಾಲಾಗಿ ಬರೆದು ತೋರಿಸಿದರೆ ಅಂಕ. ನಡುವೆ ಒಂದು ಕಡೆ ಎಡವಿದರೂ ಉಳಿದ ಹಂತಕ್ಕೆ ಕೊಡುತ್ತಾರೆ. ಸಿಇಟಿಯಲ್ಲಿ ಅದೇ ಪಾಠ ಹೀಗೆ ಬರುತ್ತದೆ: 3×3 ಮ್ಯಾಟ್ರಿಕ್ಸ್ ಒಂದರ ಡಿಟರ್ಮಿನೆಂಟ್ 5, ಅದರ ಅಡ್ಜಾಯಿಂಟ್‌ನ ಡಿಟರ್ಮಿನೆಂಟ್ ಎಷ್ಟು? ಸೂತ್ರ ಗೊತ್ತಿದ್ದವನಿಗೆ 5ರ ವರ್ಗ, 25. ಹತ್ತು ಸೆಕೆಂಡು. ಗೊತ್ತಿಲ್ಲದವನು ಮ್ಯಾಟ್ರಿಕ್ಸೇ ಕೊಟ್ಟಿಲ್ಲವಲ್ಲ ಅಂತ ಪೇಪರ್ ತಿರುಗಿಸಿ ನೋಡುತ್ತಾನೆ.

ಜೆಇಇಯ ರೀತಿ ಇನ್ನೊಂದು. ಅದೇ ಮ್ಯಾಟ್ರಿಕ್ಸನ್ನು 2ರಿಂದ ಗುಣಿಸು, ಬಂದದ್ದರ ಅಡ್ಜಾಯಿಂಟ್ ತೆಗೆ, ಅದರ ಅಡ್ಜಾಯಿಂಟ್ ಮತ್ತೊಮ್ಮೆ ತೆಗೆ. ಈಗ ಡಿಟರ್ಮಿನೆಂಟನ್ನು 2ರ ಘಾತ ಮತ್ತು 5ರ ಘಾತವಾಗಿ ಬರೆದರೆ ಎರಡು ಘಾತಗಳ ಮೊತ್ತ ಎಷ್ಟು? 2 ಹೊರಗೆ ಬರುವಾಗ ಘನವಾಗಿ ಬರುತ್ತದೆ, ಆದ್ದರಿಂದ 8 ಸಲ 5, 40. ಎರಡು ಸಲ ಅಡ್ಜಾಯಿಂಟ್ ತೆಗೆದರೆ 40ರ ನಾಲ್ಕನೇ ಘಾತ. 2ರ ಘಾತ 12, 5ರ ಘಾತ 4, ಮೊತ್ತ 16. ಪುಸ್ತಕ ಅದೇ, ಪಾಠ ಅದೇ, ಬೇಕಾದ ಕಸರತ್ತು ಮಾತ್ರ ಮೂರು ಥರ. ಈ ಮೂರನ್ನೂ ಒಂದೇ ತರಗತಿಯಲ್ಲಿ, ಒಂದೇ ಗಂಟೆಯಲ್ಲಿ ಮಾಡಿಸುತ್ತೇವೆ ಅಂತ ಯಾರಾದರೂ ಹೇಳಿದರೆ ನಾನು ಸುಮ್ನೆ ತಲೆಯಾಡಿಸುತ್ತೇನೆ.

ಬೋರ್ಡ್ ಅಂಕ ಸಾಕು ಅನ್ನುವವರಿಗೆ

ನಮ್ಮ ಎರಡು ಜಿಲ್ಲೆಗಳಿಗೆ ಪಿಯು ರಿಸಲ್ಟ್ ಅಂದರೆ ಹೆಮ್ಮೆ. 2024ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. 2025ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕಿಗೆ ಈ ಅಂಕ ಅರ್ಧದಷ್ಟು ಸೇರುತ್ತದೆ, ಸರಿ. ಆದರೆ ಲೆಕ್ಕ ಹಾಕಿ ನೋಡಿ. ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ ಸೇರಿ 300. ಸಿಇಟಿಯಲ್ಲಿ ಅವೇ ಮೂರು ಸೇರಿ 180. ಎರಡನ್ನೂ 50ಕ್ಕೆ ಇಳಿಸುತ್ತಾರೆ. ಒಬ್ಬಳಿಗೆ ಬೋರ್ಡ್‌ನಲ್ಲಿ 285, ಸಿಇಟಿಯಲ್ಲಿ 108. ಅವಳಿಗೆ 47.5ಕ್ಕೆ 30 ಕೂಡಿ 77.5. ಇನ್ನೊಬ್ಬನಿಗೆ ಬೋರ್ಡ್‌ನಲ್ಲಿ 270, ಸಿಇಟಿಯಲ್ಲಿ 126. ಅವನಿಗೆ 45 ಮತ್ತು 35, ಒಟ್ಟು 80. ಮನೆಗೆ ಬಂದ ನೆಂಟರೆಲ್ಲ ಮೊದಲನೆಯವಳನ್ನು ಹೊಗಳಿ ಹೋಗಿರುತ್ತಾರೆ. ಸೀಟು ಆರಿಸುವ ಸಾಲಿನಲ್ಲಿ ಅವನು ಮುಂದೆ ನಿಂತಿರುತ್ತಾನೆ. ಸಿಇಟಿಯ ಒಂದು ಅಂಕದ ತೂಕ ಬೋರ್ಡ್‌ನ ಒಂದೂವರೆಗಿಂತ ಜಾಸ್ತಿ.

ಹಾಗಂತ ಬೋರ್ಡನ್ನು ಕೈಬಿಡಿ ಅಂತ ಅಲ್ಲ. 95 ಬರುವವಳು 97 ಮಾಡುವುದಕ್ಕೆ ಒಂದು ತಿಂಗಳು ಕೂತರೆ, ಅದೇ ತಿಂಗಳು ಹಳೆಯ ಸಿಇಟಿ ಪೇಪರಿಗೆ ಕೊಟ್ಟಿದ್ದರೆ ಜಾಸ್ತಿ ಸಿಗುತ್ತಿತ್ತು ಅಂತ.

ಇಂಟಿಗ್ರೇಟೆಡ್

ಕಾಲೇಜಿನೊಳಗೇ ಕೋಚಿಂಗ್. ಬೆಳಿಗ್ಗೆ ಹೊರಟರೆ ಸಂಜೆ ಐದರವರೆಗೆ, ಹಾಸ್ಟೆಲ್ ಆದರೆ ರಾತ್ರಿ ಸ್ಟಡಿ ಅವರ್ ಬೇರೆ. ಫೀಸು ಲಕ್ಷದ ಲೆಕ್ಕದಲ್ಲಿ. ಇದರ ದೊಡ್ಡ ಗುಣ ಓಡಾಟ ತಪ್ಪುವುದು. ಕುಂದಾಪುರದ ಆಚೆಯಿಂದ ಬರುವ ಮಗುವಿಗೆ ಕಾಲೇಜು ಒಂದು ಕಡೆ, ಟ್ಯೂಷನ್ ಇನ್ನೊಂದು ಕಡೆ ಆದರೆ ಬಸ್ಸಲ್ಲೇ ದಿನಕ್ಕೆ ಎರಡೂವರೆ ಗಂಟೆ ಹೋಗುತ್ತದೆ. ಬಸ್ಸಲ್ಲಿ ಓದ್ತೇನೆ ಅಂತ ಹೇಳುವವರನ್ನು ನಾನು ನಂಬುವುದಿಲ್ಲ. ಸರ್ವಿಸ್ ಬಸ್ಸಿನ ಹಾಡಿನ ಸದ್ದಿಗೆ ಇಂಟಿಗ್ರೇಶನ್ ನಿಲ್ಲುವುದಿಲ್ಲ. ಎರಡನೇ ಗುಣ ಸುತ್ತ ಅದೇ ಕೆಲಸ ಮಾಡುವ ಮಕ್ಕಳು. ಪಕ್ಕದವನು ಲೆಕ್ಕ ಬಿಡಿಸುತ್ತಾ ಕೂತರೆ ಇವನಿಗೂ ಕೂರಬೇಕು ಅನಿಸುತ್ತದೆ.

ಕೊರತೆ ಎಲ್ಲಿ? ಅನೇಕ ಕಡೆ ಓಟ ಜೆಇಇಯ ವೇಗದ್ದು. ಮೊದಲ ಕೆಲವು ಟೆಸ್ಟ್ ನೋಡಿ ಮಕ್ಕಳನ್ನು ಬೇರೆ ಬೇರೆ ಬ್ಯಾಚ್ ಮಾಡುತ್ತಾರೆ. ಮೇಲಿನ ಬ್ಯಾಚಿಗೆ ಒಳ್ಳೆಯ ಗಮನ. ಕೆಳಗಿನ ಬ್ಯಾಚಿಗೆ ಅದೇ ಫೀಸು, ಅದೇ ಸಮವಸ್ತ್ರ, ಹೊಸದಾಗಿ ಸೇರಿದ ಮೇಷ್ಟ್ರು. ಎಲ್ಲ ಕಡೆ ಹೀಗೇ ಅಂತ ಹೇಳಲಾರೆ. ಹಾಗಾಗಿ ಸೇರಿಸುವ ಮೊದಲು ಕೇಳಿ: ಮಗ ಕೆಳಗಿನ ಬ್ಯಾಚಿಗೆ ಬಂದರೆ ಗಣಿತ ಯಾರು ಮಾಡುತ್ತಾರೆ? ಮೇಲಕ್ಕೆ ಹೋಗಲು ಮತ್ತೆ ಯಾವಾಗ ಅವಕಾಶ? ಉತ್ತರ ತಡವರಿಸಿದರೆ ಅದೇ ಉತ್ತರ.

ಇನ್ನೊಂದು ಪರೀಕ್ಷೆ ಇದೆ, ನಾನೇ ಮಾಡುವಂಥದ್ದು. ಅವರ ಸ್ಟಡಿ ಮೆಟೀರಿಯಲ್ ಕೇಳಿ ತೆಗೆದುಕೊಂಡು ಫಸ್ಟ್ ಪಿಯು ಗಣಿತದ ಪರಿವಿಡಿ ನೋಡಿ. ಮ್ಯಾಥಮೆಟಿಕಲ್ ಇಂಡಕ್ಷನ್, ಮ್ಯಾಥಮೆಟಿಕಲ್ ರೀಸನಿಂಗ್ ಇನ್ನೂ ಪೂರ್ತಿ ಪಾಠವಾಗಿ ಕೂತಿದ್ದರೆ ಅದು ಹಳೆಯ ಮುದ್ರಣ. ಎನ್‌ಸಿಇಆರ್‌ಟಿ ಪುಸ್ತಕದಿಂದ ಅವನ್ನು ತೆಗೆದಾಗಿದೆ. ಪೋರ್ಷನ್ ಗೊಂದಲ ಎಷ್ಟು ದುಬಾರಿ ಅಂತ 2024ರ ಏಪ್ರಿಲ್‌ನಲ್ಲಿ ಎಲ್ಲರೂ ನೋಡಿದ್ದೇವೆ. ಆ ವರ್ಷದ ಸಿಇಟಿಯಲ್ಲಿ ಪಠ್ಯದ ಹೊರಗಿನ ಪ್ರಶ್ನೆ ಬಂದು ಗಲಾಟೆಯಾಗಿ, ಕೊನೆಗೆ ಎಲ್ಲ ವಿಷಯ ಸೇರಿ 50 ಪ್ರಶ್ನೆ ಕೈಬಿಟ್ಟು ಮೌಲ್ಯಮಾಪನ ಮಾಡಿದರು. ಪರೀಕ್ಷೆ ನಡೆಸುವ ಪ್ರಾಧಿಕಾರವೇ ಎಡವುವಾಗ ಖಾಸಗಿ ಪುಸ್ತಕದವರು ಎಡವುವುದಿಲ್ಲ ಅಂತ ಏನು ಗ್ಯಾರಂಟಿ?

ನನ್ನ ಅಭಿಪ್ರಾಯ ಕೇಳಿದರೆ, ಸುರತ್ಕಲ್ಲೋ ಬೇರೆ ಎನ್‌ಐಟಿಯೋ ಬೇಕೇ ಬೇಕು ಅನ್ನುವ, ಹತ್ತನೆಯವರೆಗೆ ಗಣಿತವನ್ನು ಆಟದ ಹಾಗೆ ಮಾಡಿದ ಮಕ್ಕಳಿಗೆ ಇಂಟಿಗ್ರೇಟೆಡ್ ಸರಿ. ಸಿಇಟಿ ಸಾಕು ಅನ್ನುವವರಿಗೆ ಇದು ಇಲಿ ಹಿಡಿಯಲು ಗುಡ್ಡ ಅಗೆದ ಹಾಗೆ.

ಹತ್ತಿರದ ಕಾಲೇಜು ಮತ್ತು ಟ್ಯೂಷನ್

ಇದರಲ್ಲಿ ಎರಡು ಬಗೆ. ಒಂದು, ಮನೆಯ ಜಗಲಿಯಲ್ಲೋ ಕೋಣೆಯಲ್ಲೋ ಹತ್ತು ಹನ್ನೆರಡು ಮಕ್ಕಳು. ಇನ್ನೊಂದು, ಕಟ್ಟಡದ ಎರಡನೇ ಮಾಳಿಗೆಯಲ್ಲಿ ಅರುವತ್ತು ಎಪ್ಪತ್ತು ಮಕ್ಕಳು, ಮೈಕು. ಎರಡನೆಯದನ್ನು ಟ್ಯೂಷನ್ ಅಂತ ಕರೆಯುವುದೇ ತಪ್ಪು, ಅದು ಸಂಜೆಯ ಕಾಲೇಜು. ಮೊದಲನೆಯದರ ಲಾಭ ತಪ್ಪು ಅಲ್ಲೇ ಸಿಕ್ಕಿಬೀಳುವುದು. ಮೇಲೆ ಹೇಳಿದ ಅಡ್ಜಾಯಿಂಟ್ ಲೆಕ್ಕದಲ್ಲಿ ನನ್ನಲ್ಲಿಗೆ ಬರುವ ಒಬ್ಬ ಹುಡುಗನಿಗೆ 16ರ ಬದಲು 8 ಬಂತು. ಉತ್ತರ ತಪ್ಪು ಅಂತ ಯಾವ ಆ್ಯಪ್ ಬೇಕಾದರೂ ಹೇಳುತ್ತದೆ. ಅವನ ನೋಟ್ಸ್ ನೋಡಿದಾಗ ಗೊತ್ತಾಯಿತು, 2ನ್ನು ಘನ ಮಾಡದೆ ಹಾಗೇ ಹೊರಗೆ ತಂದಿದ್ದ. 40 ಆಗಬೇಕಾದಲ್ಲಿ 10. ಹಿಂದಿನ ವಾರದ ಪುಟ ತಿರುಗಿಸಿದರೆ ಅಲ್ಲೂ ಅದೇ, ಅದರ ಹಿಂದಿನ ವಾರವೂ ಅದೇ. ಮೂರು ಬೇರೆ ಬೇರೆ ತಪ್ಪು ಅಂತ ಅವನು ತಿಳಿದಿದ್ದು ಒಂದೇ ತಪ್ಪು. ಒಂದು ಅಡ್ಡಸಾಲು ಗುಣಿಸುವುದಕ್ಕೂ ಇಡೀ ಮ್ಯಾಟ್ರಿಕ್ಸ್ ಗುಣಿಸುವುದಕ್ಕೂ ಇರುವ ವ್ಯತ್ಯಾಸ ಅವನ ತಲೆಯಲ್ಲಿ ಕಲಸಿಹೋಗಿತ್ತು. ಹತ್ತು ನಿಮಿಷದ ಮಾತು, ಮತ್ತೆ ಆ ತಪ್ಪು ಬಂದಿಲ್ಲ.

ಟ್ಯೂಷನ್‌ನ ಕೊರತೆಯೂ ಹೇಳಬೇಕಲ್ಲ. ನಮ್ಮಂಥವರು ಬೋರ್ಡ್ ರೀತಿಯಲ್ಲೇ ಹೇಳಿಕೊಡುವುದು ಜಾಸ್ತಿ. ಹಂತ ಹಂತವಾಗಿ, ಅಂದವಾಗಿ. ಗಡಿಯಾರ ಇಟ್ಟು ಓಡಿಸುವ ಟೆಸ್ಟ್ ಕಡಿಮೆ. ಮಳೆಗಾಲ ಬೇರೆ ಕೈಕೊಡುತ್ತದೆ. ಜೂನ್, ಜುಲೈಯಲ್ಲಿ ಡಿಸಿ ರಜೆ ಕೊಟ್ಟರೆ ಟ್ಯೂಷನ್‌ಗೂ ರಜೆ ಅಂತ ಮಕ್ಕಳೇ ತೀರ್ಮಾನ ಮಾಡಿಬಿಡುತ್ತಾರೆ. ಹಾಗಾಗಿ ಟ್ಯೂಷನ್ ಆರಿಸುವಾಗ ಒಂದೇ ಪ್ರಶ್ನೆ ಕೇಳಿ: ವಾರಕ್ಕೆ ಒಮ್ಮೆಯಾದರೂ ಸಮಯ ಇಟ್ಟು ಆಯ್ಕೆ ಪ್ರಶ್ನೆಗಳ ಟೆಸ್ಟ್ ಉಂಟಾ?

ಕ್ರ್ಯಾಶ್ ಕೋರ್ಸ್

ಬೋರ್ಡ್ ಪರೀಕ್ಷೆ ಮುಗಿದ ಮೇಲೆ ಸಿಇಟಿಯವರೆಗೆ ಸಿಗುವುದು ಮೂರು ನಾಲ್ಕು ವಾರ. ನನ್ನ ಅಕ್ಕನ ಮಗಳನ್ನು ಮಂಗಳೂರಿನ ಒಂದು ಕಡೆ ಸೇರಿಸಿದ್ದೆವು. ಹೆಸರು ಬೇಡ. ಏಪ್ರಿಲ್‌ನ ಸೆಕೆ, ನೂರಕ್ಕೂ ಹೆಚ್ಚು ಮಕ್ಕಳಿದ್ದ ಹಾಲ್, ಎರಡೇ ಫ್ಯಾನ್ ತಿರುಗುತ್ತಿತ್ತು. ಬೆಳಗ್ಗಿನಿಂದ ಸಂಜೆವರೆಗೆ ಸೂತ್ರ ಬರೆಸಿದರು. ನಾಲ್ಕು ಟೆಸ್ಟ್ ಬರೆದಳು, ಒಂದರ ಓಎಂಆರ್ ಕೂಡ ವಾಪಸ್ ಕೊಡಲಿಲ್ಲ. ಅಂಕ ಮಾತ್ರ ಅಪ್ಪನ ಫೋನಿಗೆ ಬಂತು. ಅಪ್ಪನಿಗೆ ಬೇಸರ, ಮಗಳಿಗೆ ಬೈಗುಳ. ಯಾವ ಲೆಕ್ಕ ತಪ್ಪಿತು ಅಂತ ಕಡೆಗೂ ಇಬ್ಬರಿಗೂ ಗೊತ್ತಾಗಲಿಲ್ಲ.

ಎರಡು ವರ್ಷ ಸರಿಯಾಗಿ ಓದಿ, ವೇಗ ಮಾತ್ರ ಬೇಕಾದವರಿಗೆ ಕ್ರ್ಯಾಶ್ ಕೋರ್ಸ್‌ನಲ್ಲಿ ಪ್ರಯೋಜನ ಇದೆ. ಪಾಠವನ್ನೇ ಅಲ್ಲಿ ಮೊದಲ ಸಲ ಕೇಳುವವರಿಗೆ ಅದು ಗಂಗೊಳ್ಳಿಯ ಮೀನು ಲಾರಿ ಹೋದ ಮೇಲೆ ಚೀಲ ಹಿಡಿದು ಓಡಿದ ಹಾಗೆ. ಆ ದುಡ್ಡಿಗೆ ಟೆಸ್ಟ್ ಸೀರೀಸ್ ಮಾತ್ರ ತೆಗೆದುಕೊಂಡು ಮನೆಯಲ್ಲಿ ಕೂತರೆ ವಾಸಿ.

ಮೊಬೈಲ್

ಪಾಠ ಕೇಳುವುದಕ್ಕೆ ಒಳ್ಳೆಯದು, ಬೇಕಾದಷ್ಟು ಉಂಟು, ಪುಕ್ಕಟೆ. ಐಐಟಿ ಕಾನ್ಪುರದ ಜೊತೆ ಸೇರಿ ಕೇಂದ್ರ ಶಿಕ್ಷಣ ಸಚಿವಾಲಯ ಮಾಡಿರುವ 'ಸಾಥೀ'ಯಲ್ಲಿ ಜೆಇಇಗೆ ಬೇಕಾದ ಪಾಠ, ಅಭ್ಯಾಸ ಉಚಿತವಾಗಿ ಸಿಗುತ್ತದೆ. ತೊಂದರೆ ಒಂದೇ. ಬೇರೆಯವರು ಲೆಕ್ಕ ಬಿಡಿಸುವುದನ್ನು ನೋಡುವಾಗ ನಮಗೂ ಬಂದ ಹಾಗೆ ಅನಿಸುತ್ತದೆ. ಚೆಂಡೆ ಬಾರಿಸುವುದನ್ನು ರಾತ್ರಿಯಿಡೀ ನೋಡಿದವನಿಗೂ ಹಾಗೇ ಅನಿಸುತ್ತದೆ, ಕೋಲು ಕೈಗೆ ಕೊಡುವವರೆಗೆ.

ಜಗಲಿಯಲ್ಲಿ ಒಬ್ಬರೇ

ಇದನ್ನು ಯಾರೂ ಕರಪತ್ರದಲ್ಲಿ ಹಾಕುವುದಿಲ್ಲ, ಯಾಕೆಂದರೆ ಇದರಲ್ಲಿ ಯಾರಿಗೂ ದುಡ್ಡಿಲ್ಲ. ಸಿಇಟಿ ಮಟ್ಟಿಗೆ ಇದು ಖಂಡಿತ ಸಾಧ್ಯ ಅಂತ ನಾನು ನಂಬಿದ್ದೇನೆ. ಜೆಇಇಗೆ ಕಷ್ಟ, ಸಾಧ್ಯ ಇಲ್ಲ ಅಂತಲ್ಲ.

ಬೇಕಾದ ಸಾಮಾನು ಕಡಿಮೆ. ಎರಡು ವರ್ಷದ ಎನ್‌ಸಿಇಆರ್‌ಟಿ ಗಣಿತ ಪುಸ್ತಕ, ಅವುಗಳ ಉದಾಹರಣೆ ಮತ್ತು ಮಿಸಲೇನಿಯಸ್ ಲೆಕ್ಕ ಸೇರಿ. ಹಳೆಯ ಸಿಇಟಿ ಪೇಪರು ಮತ್ತು ಕೀ ಉತ್ತರ ಪರೀಕ್ಷಾ ಪ್ರಾಧಿಕಾರದ ವೆಬ್‌ಸೈಟ್‌ನಲ್ಲೇ ಇವೆ. ಫಸ್ಟ್ ಪಿಯು ಅಂದರೆ ಪೂರ್ವರಂಗ, ನಿದ್ದೆ ಮಾಡಿದರೂ ನಡೆಯುತ್ತದೆ ಅಂತ ತಿಳಿದವರು ತುಂಬ ಜನ. ಸಿಇಟಿಯಲ್ಲಿ ಪ್ರಶ್ನೆಗಳು ಎರಡೂ ವರ್ಷದಿಂದ ಬರುತ್ತವೆ, ಹೆಚ್ಚಿನವು ಸೆಕೆಂಡ್ ಪಿಯುವಿನವು. ಸ್ಟ್ರೈಟ್ ಲೈನ್, ಸೆಟ್ಸ್, ಕಾಂಪ್ಲೆಕ್ಸ್ ನಂಬರ್‌ನ ಪ್ರಶ್ನೆಗಳು ಸುಲಭದಲ್ಲಿ ಸಿಗುವ ಅಂಕ. ಮರೆತುಹೋದದ್ದರಿಂದಲೇ ಅವು ಕೈತಪ್ಪುತ್ತವೆ.

ಒಬ್ಬರೇ ಓದುವವರಿಗೆ ತಪ್ಪು ತೋರಿಸುವವರು ಇಲ್ಲ, ಅದೇ ದೊಡ್ಡ ಕೊರತೆ. ಅದಕ್ಕೆ ಒಂದು ನೂರು ಪುಟದ ಪುಸ್ತಕ ಇಡಿ. ತಪ್ಪಿದ ಲೆಕ್ಕವನ್ನು ಮಾತ್ರ ಅದರಲ್ಲಿ ಬರೆಯುವುದು, ಪಕ್ಕದಲ್ಲಿ ಯಾಕೆ ತಪ್ಪಿತು ಅಂತ ಒಂದು ಸಾಲು. "ಅಜಾಗರೂಕತೆ" ಅಂತ ಬರೆಯಬಾರದು, ಅದು ಕಾರಣ ಅಲ್ಲ. "ಮೈನಸ್ ಬ್ರ್ಯಾಕೆಟ್ ಒಳಗೆ ಕೊಂಡುಹೋಗಲಿಲ್ಲ" ಅಂತ ಬರೆಯಬೇಕು. ಹದಿನೈದು ದಿನಕ್ಕೊಮ್ಮೆ ಕಾಲೇಜಿನ ಗಣಿತದ ಸರ್‌ಗೋ ಮೇಡಂಗೋ ಆ ಪುಸ್ತಕ ತೋರಿಸಿ. ಹೀಗೆ ಪುಸ್ತಕ ಹಿಡಿದು ಬಂದ ಮಗುವನ್ನು ವಾಪಸ್ ಕಳಿಸಿದ ಮೇಷ್ಟ್ರನ್ನು ನಾನು ಈವರೆಗೆ ಕಂಡಿಲ್ಲ.

ವಾರಕ್ಕೊಮ್ಮೆ 70 ನಿಮಿಷ ಇಟ್ಟು ಪೂರ್ತಿ ಪೇಪರ್ ಮಾಡಿ. ಕೈಗಡಿಯಾರ ಬಿಚ್ಚಿಟ್ಟು, ಯಾಕೆಂದರೆ ಸಿಇಟಿ ಹಾಲ್‌ಗೆ ವಾಚ್ ಬಿಡುವುದಿಲ್ಲ. ಮೊದಲ ಸುತ್ತಿನಲ್ಲಿ ನೋಡಿದ ಕೂಡಲೇ ದಾರಿ ಕಂಡದ್ದು ಮಾತ್ರ. ಎರಡನೇ ಸುತ್ತಿನಲ್ಲಿ ಉದ್ದದ ಲೆಕ್ಕ. ಕೊನೆಯ ಐದು ನಿಮಿಷ ಖಾಲಿ ಉಳಿದ ಎಲ್ಲ ವೃತ್ತಗಳಿಗೆ. ನೆಗೆಟಿವ್ ಇಲ್ಲದ ಪರೀಕ್ಷೆಯಲ್ಲಿ ಖಾಲಿ ಬಿಟ್ಟು ಬರುವುದು ಚಿಲ್ಲರೆಯನ್ನು ಕೌಂಟರಲ್ಲೇ ಬಿಟ್ಟು ಬಂದ ಹಾಗೆ. ಜೆಇಇಗೆ ಹೋದಾಗ ಈ ಅಭ್ಯಾಸ ಬಿಡಬೇಕು, ಅಲ್ಲಿ ಊಹೆಗೆ ದಂಡ ಉಂಟು.

ಕನ್ನಡ ಮಾಧ್ಯಮದಿಂದ ಬಂದವರಿಗೂ ಗಡಿಯಾಚೆಯವರಿಗೂ

ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇಕಡಾ 5, ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇಕಡಾ 15 ಮೀಸಲಾತಿ ಇದೆ. ಪ್ರಮಾಣಪತ್ರ ಈಗಲೇ ಶಾಲೆಯಿಂದ ಮಾಡಿಸಿಟ್ಟುಕೊಳ್ಳಿ. ಇಂಗ್ಲಿಷ್‌ಗೆ ಹೆದರಿ ದೊಡ್ಡ ಕೋಚಿಂಗ್‌ಗೆ ಹೋಗುವ ಅಗತ್ಯ ಇಲ್ಲ. ಗಣಿತದ ಇಂಗ್ಲಿಷ್ ಪದ ಹೆಚ್ಚೆಂದರೆ ಇನ್ನೂರು ಮುನ್ನೂರು, ಮಳೆಗಾಲ ಮುಗಿಯುವುದರೊಳಗೆ ಬಾಯಿಗೆ ಬರುತ್ತದೆ. ಕಾಸರಗೋಡು ಕಡೆಯ ಮಕ್ಕಳು ಗಡಿನಾಡ ಕನ್ನಡಿಗರ ಅರ್ಹತೆಯಲ್ಲಿ ಬರುವುದಾದರೆ ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕು. ಅದು ಸಿಇಟಿಯ ದಿನಗಳಿಗೆ ಅಂಟಿಕೊಂಡೇ, ಕೆಲವು ವರ್ಷ ಬಿಸು ಹಬ್ಬದ (ಸೌರ ಯುಗಾದಿ) ಆಸುಪಾಸಿನಲ್ಲಿ ಬರುತ್ತದೆ. ಹಬ್ಬದ ಬೆಳಿಗ್ಗೆ ಕಣಿ ನೋಡಿ ಹಾಲ್ ಟಿಕೆಟ್ ಹುಡುಕುವ ಹಾಗೆ ಆಗಬಾರದು.

ಬ್ರಹ್ಮಾವರದ ಅಕ್ಕ ಐದೂ ಕಡೆ ಹೋಗಿ ಬಂದರು. ಮೂರು ಕಡೆ "ಪ್ರತಿ ವಾರ ಟೆಸ್ಟ್, ಅಂಕ ನಿಮ್ಮ ಮೊಬೈಲಿಗೇ ಬರುತ್ತದೆ" ಅಂದರಂತೆ. ಒಂದು ಕಡೆ ಹಾಸ್ಟೆಲ್‌ನ ಊಟದ ಪಟ್ಟಿ ತೋರಿಸಿದರಂತೆ. ಐದನೆಯದು ಸಣ್ಣ ಕಾಲೇಜು, ಗೋಡೆಗೆ ಸುಣ್ಣ ಬಳಿದು ವರ್ಷಗಳಾಗಿವೆ. ಅಲ್ಲಿಯ ಮೇಷ್ಟ್ರು ಏನೂ ಹೇಳದೆ ಕಪಾಟಿನಿಂದ ಹಳೆಯ ಉತ್ತರಪತ್ರಿಕೆಗಳ ಕಟ್ಟು ತೆಗೆದು ಮೇಜಿನ ಮೇಲಿಟ್ಟರಂತೆ. ಪ್ರತಿ ಪುಟದಲ್ಲೂ ಕೆಂಪು ಶಾಯಿ, ಕೆಲವು ಕಡೆ ಬದಿಯಲ್ಲಿ ಪೂರ್ತಿ ಲೆಕ್ಕ ಬಿಡಿಸಿ ಬರೆದದ್ದು. ಮಗನನ್ನು ಅಲ್ಲೇ ಸೇರಿಸಿದರು. ದಸರಾ ರಜೆಯಲ್ಲಿ ಅವನು ನನ್ನಲ್ಲಿಗೆ ಬಂದಿದ್ದ, ತಪ್ಪಿನ ಪುಸ್ತಕ ಹಿಡಿದುಕೊಂಡು. ನಲವತ್ತೊಂದು ಪುಟ ತುಂಬಿತ್ತು. ಅದರಲ್ಲಿ ಹನ್ನೆರಡು ಪುಟ ಟ್ರಿಗ್ನಾಮೆಟ್ರಿಯೇ. ಕೂತು ಅಲ್ಲಿಂದಲೇ ಶುರು ಮಾಡಿದೆವು.